ರೇಣಿ, ನಿನ್ನ ಕೈ ಬಾತದ್ದು ನನಗ ಗೊತ್ತಿತ್ತು

ಗೆಳತಿ ರೇಣಿ,

ಸತ್ತಾಕಿಗೆ ಯಾರ ಪತ್ರ ಬರೀತಾರಬೇ ಹುಚ್ಚಿ ಅಂತ ನೀ ಇದ್ದಿದ್ರ ಬೈತಿದ್ದಿ. ಬೈ. ಹಂಗ ಬೈಯೋರು ಮೋರಟಗ್ಯಾಗ ಈಗ ಯಾರೂ ಉಳದಿಲ್ಲ. ಬಳಿ ಪೆಟ್ಟಿಗಿ ಹೊತ್ಕೊಂಡು ದಿನಾ ಹತ್ತು ಮನಿ ತಿರಗ್ತೇನಿ, ಎಲ್ಲಾರ ಕೈ ಹಿಡೀತೇನಿ. ಮನಸ ಬಿಚ್ಚಿ ಮಾತಾಡಾಕ ಒಬ್ಬಾಕೀನೂ ಇಲ್ಲ. ನೀ ಹೋಗಿ ಎಂಟು ವರ್ಷ ಆತು.

ನಿನ್ನ ಕುಬಸದ ದಿನ ನೆನಪೈತೇನು? ಏಳು ತಿಂಗಳ ಹೊಟ್ಟಿ, ಹಸರ ಸೀರಿ, ನಿಮ್ಮವ್ವನ ಪಡಸಾಲ್ಯಾಗ ಕುಂತಿದ್ದಿ. ಪಂಚಮಿಗೆ ಬಂದಾಗ ಎರಡು-ನಾಲ್ಕರ ಅಳತಿ ಬಳಿ ಸಲೀಸ ಏರಿದ್ವು, ಅವತ್ತು ಎಲ್ಲಾಕ್ಕಿಂತ ದೊಡ್ಡ ಎರಡು-ಎಂಟರದೂ ಏರವಲ್ದು. ಒತ್ತಿದ್ರ ಕುಣಿ ಬೀಳ್ತಿತ್ತು. "ತವರುಮನಿ ತುಪ್ಪ ಎಷ್ಟ ತಿಂದೀಯವಾ!" ಅಂದೆ. ಎಲ್ಲಾರೂ ನಕ್ರು, ನೀನೂ ನಕ್ಕಿ. ಕುಬಸದಾಗ ಬಳಿ ಇಡೋದು ಅರ್ಧಕ್ಕ ನಿಲ್ಲಿಸಬಾರದಲ್ಲ? ಸೋಪು ಹಚ್ಚಿ, ಹಿಂಡಿ ತೂರಿಸಿದೆ. ಕೈ ಹಿಡಿಯೋದ ನನ್ನ ಕಸಬು ರೇಣಿ. ಅದು ಮೈ ಹತ್ತಿದ ಕೈ ಅಲ್ಲ, ಬಾತ ಕೈ ಅಂತ ನನ್ನ ಬೆರಳಿಗೆ ತಿಳಿದಿತ್ತು. ಮತ್ತ ಬಾಯಿ ಯಾಕ ಬಿಡಲಿಲ್ಲ ನಾನು?

ನೀ ನಿಡಗುಂದಿಗೆ, ಗಂಡನ ಮನಿಗೆ ಹೋದಿ. ಐದನೇ ದಿನಕ್ಕ ಫಿಟ್ಸ್ ಬಂದು, ದವಾಖಾನಿ ಮುಟ್ಟೂದರೊಳಗ ನೀನೂ ಇಲ್ಲ, ಕೂಸೂ ಇಲ್ಲ. ಬಿಪಿ ಏರಿತ್ತಂತ. ಮಂದಿ ದೃಷ್ಟಿ ಆತು ಅಂದ್ರು. ನಾ ಸುಮ್ಮನಿದ್ದೆ. ಅವತ್ತಿನಿಂದ ನಿಮ್ಮವ್ವನ ಓಣಿ ತುಳದಿರಲಿಲ್ಲ.

ಹೋದ ತಿಂಗಳ ತಾಂಬಾ ಊರಾಗ ಒಂದು ಕುಬಸ. ಹುಡುಗಿ ಕೈ ಹಿಡಿದೆ. ಯಾ ಅಲ್ಲಾ, ಅಂಥಾದ ಕೈ! ಪೆಟ್ಟಿಗಿ ಮುಚ್ಚಿಬಿಟ್ಟೆ. "ಮೊದಲ ಬಿಪಿ ನೋಡಿಸ್ರಿ, ಆಮ್ಯಾಲೆ ಬಳಿ." ಅವರತ್ತಿ "ಶುಭ ಕಾರ್ಯದಾಗ ಏನ್ ಬಾಯಿ ನಿಂದು!" ಅಂತ ಹರಿಹಾಯ್ದಳು. ನಾನೇನ ಬಿಡ್ತೇನಿ? ಇಂಡಿ ದವಾಖಾನಿತನಕ ಬೆನ್ನ ಹತ್ತಿದೆ. ಬಿಪಿ ಏರಿತ್ತು, ಹೊತ್ತಿಗೆ ಸರಿ ಮುಟ್ಟಿದ್ದಕ್ಕ ಹುಡುಗಿ ಉಳಿತು, ಕೂಸೂ ಉಳಿತು. ಹಿಂಗ್ಯಾಕ ಆಕ್ಕೈತ್ರಿ ಅಂತ ಡಾಕ್ಟರ್ ಮೇಡಮ್ಮಗ ಕೇಳಿದೆ. ರಕ್ತದಾಗ ರೋಗದ ಜೊತಿ ಬಡದಾಡೋ ಪ್ರೋಟೀನ್ ಇರ್ತಾವಂತ. ಕೆಲವು ಬಸುರ್ಯಾರೊಳಗ ಅವು ಹತೋಟಿ ತಪ್ಪಿ, ಕೂಸಿಗೆ ಊಟ ಮುಟ್ಟಸೋ ಮಾಸಿಗೂ, ತಾಯಿ ರಕ್ತನಾಳಕ್ಕೂ ಪೆಟ್ಟು ಕೊಡ್ತಾವಂತ. "ಇದೂ ಒಂದು ಕಾರಣ ಇರಬಹುದು, ಪೂರ್ತಿ ಇನ್ನೂ ಯಾರಿಗೂ ತಿಳಿದಿಲ್ಲ" ಅಂದ್ರು. ಕಾವಲಿಗೆ ಇಟ್ಟ ಮಂದೀನ ಮನಿಗೆ ಬೆಂಕಿ ಹಚ್ಚಿದಂಗ ಆತಲ್ಲ ರೇಣಿ! ಅವತ್ತ ಯಾರರ ನಿನ್ನ ಬಿಪಿ ನೋಡಿದ್ರ...

ಮೊನ್ನೆ ಧೈರ್ಯ ಮಾಡಿ ನಿಮ್ಮವ್ವನ ಹಂತ್ಯಾಕ ಹೋದೆ. ಎಲ್ಲಾ ಹೇಳಿದೆ, ಸೋಪು ಹಚ್ಚಿದ್ದೂ. ಹೊರಗ ಹಾಕ್ತಾಳ ಅಂದ್ಕೊಂಡಿದ್ದೆ. ಬಾಗಲಾ ಹಾಕಿ ಬಂದು ನನ್ನ ಬಾಜೂಕ ಕುಂತಳು.

"ಶಮಾ, ಆಕಿ ಹೋದ ದಿನ ಮುಂಜಾನಿ ನನಗ ಫೋನ್ ಮಾಡಿದ್ಲು. ತಲಿ ಸಿಡ್ಯಾಕತ್ತೈತಿ, ಕಣ್ಣ ಮುಂದ ಮಿಣಮಿಣ ಅನ್ನಾಕತ್ತೈತಿ ಯವ್ವಾ ಅಂದ್ಲು. ಬಸುರಿದ್ದಾಗ ಇದೆಲ್ಲಾ ಇರೂದ, ಮಲ್ಕೊ ಅಂತ ಹೇಳಿ ಫೋನ್ ಇಟ್ಟೆ. ಈ ಮಾತು ಯಾರ ಮುಂದೂ ಆಡಿಲ್ಲ ನಾನು."

ನಮ್ಮಿಬ್ಬರ ಮನಿ ನಡುವ ಬರೇ ಎರಡು ಓಣಿ ರೇಣಿ. ನಾನ ಕೊಂದೆ ಅಂತ ಆಕಿ ಅಲ್ಲಿ, ನಾನ ಕೊಂದೆ ಅಂತ ನಾ ಇಲ್ಲಿ. ಇಬ್ರೂ ಕೂಡಿ ಅತ್ತೇವಿ.

ಇವತ್ತ ಮುಂಜಾನಿ ಎದ್ದು ನೋಡ್ತೇನಿ, ನಿಮ್ಮವ್ವ ನಮ್ಮ ಬಾಗಲಾಗ ಚಪ್ಪಲಿ ಮೆಟ್ಟಿಕೊಂಡ ನಿಂತಾಳ. "ಯಾವೂರಿಗೆ ಹೊಂಟಿ? ನಾನೂ ಬರ್ತೇನಿ. ನೀ ಬಸುರ್ಯಾರ ಕೈ ನೋಡು, ತಲಿನೋವು ಐತೇನಂತ ನಾ ಕೇಳ್ತೇನಿ."

ನಿನ್ನ
ಶಮಾ