ಮೂರು ಗಂಟೆಯ ಸೂಜಿ

ಅದಿಸ್ ಅಬಾಬ
ತಿಕಿಂತ್ ತಿಂಗಳು, ೧೨

ಪ್ರೀತಿಯ ಯೆಶಿ ಅಕ್ಕನಿಗೆ ಸಿನಿದು ಮಾಡುವ ನಮಸ್ಕಾರಗಳು.

ನೀನು ಕಳಿಸಿದ ಬೆರ್ಬೆರೆ ಖಾರದ ಪುಡಿ ತಲುಪಿ ತಿಂಗಳಾಯಿತು. ಅರ್ಧ ಡಬ್ಬಿ ಖಾಲಿ ಮಾಡಿದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಬಯ್ಯಬೇಡ. ಹೋದ ವರ್ಷ ಕುತ್ತಿಗೆಯ ಆಪರೇಷನ್ ಆದಂದಿನಿಂದ ನಿನ್ನ ಸ್ವರ ಫೋನಿನಲ್ಲಿ ಕೇಳಿಸುವುದೇ ಇಲ್ಲ, ನಮಗಿಬ್ಬರಿಗೂ ಕಾಗದವೇ ಗತಿ. ಇಗರ್ಜಿಯಲ್ಲಿ ಈಗ ನಿನ್ನ ಬದಲು ಹಾಡು ಎತ್ತಿಕೊಡುವವರು ಯಾರು?

ಇಲ್ಲಿ ಒಂದು ಒಳ್ಳೆಯ ಸುದ್ದಿ ಇದೆ. ಅದ್ಮಾಸು ಅಂತ ಒಬ್ಬ ಹಾಡುಗಾರ, ಒಂಟಿ ತಂತಿಯ ಮಸಿಂಕೊ ನುಡಿಸುತ್ತ ಗಿರಾಕಿಗಳನ್ನೆಲ್ಲ ಹಾಡಿನಲ್ಲೇ ಗೇಲಿ ಮಾಡಿ ಹೊಟ್ಟೆ ಹೊರೆಯುವವನು. ಕತ್ತಿನ ಗಂಟು ಅಂತ ನಮ್ಮ ಆಸ್ಪತ್ರೆಗೆ ಬಂದ. ವಿಕಿರಣದ ಸೂಜಿಮದ್ದು ಕೊಟ್ಟು, ಇಪ್ಪತ್ತು ನಿಮಿಷ ಕೂರಿಸಿ, ಗಂಟು ಎಷ್ಟು ಮದ್ದು ಹೀರಿತು ಎಂದು ಕ್ಯಾಮೆರಾದಲ್ಲಿ ಅಳೆದೆ. ನೂರಕ್ಕೆ ನಾಲ್ಕು ದಾಟಬಾರದು, ಬಂದದ್ದು ಆರೂವರೆ. ಡಾಕ್ಟರ್ ಬೆಲಾಯ್ ಆಪರೇಷನ್‌ಗೆ ದಿನ ಗೊತ್ತುಮಾಡಿದರು. ಕೊಯ್ಯುವಾಗ ಸ್ವರದ ನರಕ್ಕೆ ತಗುಲಬಹುದು ಎಂದದ್ದೇ ತಡ, ಅವನ ಮುಖ ಸಪ್ಪಗಾಯಿತು.

ಮರುದಿನ ವರದಿ ಹಿಡಿದುಕೊಂಡು ನನ್ನ ಕೋಣೆಗೇ ಬಂದ. "ತಂಗೀ, ಸೂಜಿ ಮೂರು ಗಂಟೆಗೆ, ಫೋಟೊ ಒಂಬತ್ತೂ ಇಪ್ಪತ್ತಕ್ಕೆ ಅಂತ ಇದೆಯಲ್ಲ! ನನ್ನನ್ನ ಆರು ಗಂಟೆ ಕೂರಿಸಿದ್ಯಾ? ಒಂದು ಲೋಟ ಕಾಫಿನಾದರೂ ಕೊಡಬಾರದಿತ್ತಾ, ಜಿಪುಣಿ?"

ನಗಲು ಹೋದವಳು ಅವನ ಕೈಯಿಂದ ವರದಿ ಕಿತ್ತುಕೊಂಡು ನೋಡಿದೆ.

ಚಿಕ್ಕವಳಿದ್ದಾಗ ಗಡಿಯಾರ ನೋಡಲು ಕಲಿಸಿದವಳು ನೀನು. "ಸೂರ್ಯ ಎದ್ದ ಮೇಲೇನೇ ಕಣೇ ಗಂಟೆ ಶುರುವಾಗೋದು. ಪರದೇಶದವರ ಗಡಿಯಾರ ನಡುರಾತ್ರೀಲಿ ಶುರುವಾಗುತ್ತಂತೆ, ಆಗ ಎದ್ದು ಎಣಿಸೋರು ಯಾರು?" ಎಂದಿದ್ದೆ. ಬೆಳಗಿನ ನಮ್ಮ ಮೂರು ಗಂಟೆ, ಪರದೇಶದ ಲೆಕ್ಕದಲ್ಲಿ ಓಡುವ ಯಂತ್ರಕ್ಕೆ ಒಂಬತ್ತು. ಫೋಟೊದ ಹೊತ್ತನ್ನು ಯಂತ್ರವೇ ಹಾಕುತ್ತದೆ, ಸೂಜಿಯದನ್ನು ನಾನು ದಿನವೂ ಆರು ಸೇರಿಸಿಯೇ ಬರೆಯುತ್ತೇನೆ. ಜನ ಹೆಚ್ಚಿದ್ದ ದಿನ ಕೈ ತಾನಾಗಿ ನಮ್ಮ ಲೆಕ್ಕವನ್ನು ಬರೆದುಬಿಟ್ಟಿದೆ. ಆ ಮದ್ದಿನ ಶಕ್ತಿ ಆರು ಗಂಟೆಗೆ ಸರಿಯಾಗಿ ಅರ್ಧಕ್ಕಿಳಿಯುತ್ತದೆ. ಅರ್ಧವೇ ಉಳಿದಿದ್ದ ಮದ್ದಿನಲ್ಲಿ ಗಂಟು ಇಷ್ಟು ಹೀರಿದೆ ಎಂದು ತಿಳಿದ ಯಂತ್ರ ಅಂಕಿಯನ್ನು ಎರಡು ಪಟ್ಟು ಮಾಡಿ ಕೊಟ್ಟಿದೆ.

ಸರಿ ಹೊತ್ತು ಹಾಕಿ ಮತ್ತೆ ಲೆಕ್ಕ ಮಾಡಿದೆ. ಮೂರೂಕಾಲು! ಡಾಕ್ಟರ್ ರಕ್ತವನ್ನೂ ಇನ್ನೊಮ್ಮೆ ನೋಡಿ, "ಈ ಗಂಟು ಅದರ ಪಾಡಿಗೆ ಇರಲಿ ಬಿಡು" ಎಂದರು. ಅದ್ಮಾಸು ನಿಂತಲ್ಲೇ ಭುಜ ಕುಣಿಸಿದ. "ಇವತ್ತು ರಾತ್ರಿ ನಿನ್ನ ಗಡಿಯಾರದ ಮೇಲೇ ಹಾಡು! ಊರೆಲ್ಲ ನಗಬೇಕು, ನೋಡ್ತಿರು!" ಎಂದು ಹೊರಟ. ನಗಲಿ ಅಕ್ಕ, ನನಗೆ ಅಷ್ಟು ಸಂತೋಷವಾಗಿತ್ತು.

ಆಮೇಲೆ ಡಾಕ್ಟರಿಗೆ ಹೇಳಿ, ಈ ಯಂತ್ರ ಬಂದ ಎರಡು ವರ್ಷದ ಕಾಗದಗಳನ್ನೆಲ್ಲ ತೆಗೆದೆವು. ಇದೇ ತಪ್ಪು ಇನ್ನೂ ನಾಲ್ವರ ಕಾಗದಗಳಲ್ಲಿ ಸಿಕ್ಕಿತು. ಮೂವರಿಗೆ ಇನ್ನೂ ಆಪರೇಷನ್ ಆಗಿರಲಿಲ್ಲ, ಕರೆಸಿ ತಿಳಿಸಿದೆವು. ಈಗ ಗೋಡೆಯಲ್ಲಿ ಯಂತ್ರದ ಲೆಕ್ಕದ ಒಂದೇ ಗಡಿಯಾರ, ಹೊತ್ತು ಬರೆದದ್ದನ್ನು ಇಬ್ಬರು ಓದಿ ಸಹಿ ಹಾಕುತ್ತೇವೆ. ಮುಂದೆ ಯಾರಿಗೂ ಹೀಗಾಗುವುದಿಲ್ಲ.

ಮರಿಯಮ್ ತಾಯಿ ನಿನ್ನನ್ನು ಕಾಯಲಿ. ನಿನ್ನ ಆಶೀರ್ವಾದ ನನಗೆ ಎಂದಿಗಿಂತ ಈಗ ಬೇಕು.

ನಿನ್ನ ತಂಗಿ,
ಸಿನಿದು

ತಾ. ಕ.: ನಾಲ್ಕನೆಯ ಕಾಗದ ನಿನ್ನದು, ಅಕ್ಕ. ನಿನ್ನ ರಕ್ತದ ವರದಿ ಅನುಮಾನದಲ್ಲಿತ್ತು, ನನ್ನ ಅಂಕಿ ನೋಡಿ ಕೊಯ್ದರು. ಅದರಲ್ಲೂ ಮೂರು ಗಂಟೆ ಎಂದೇ ಇದೆ, ಅಕ್ಷರ ನನ್ನದೇ. ಈ ಪತ್ರ ತಡವಾದದ್ದು ಇದಕ್ಕೆ. ಹೋದ ಸ್ವರವನ್ನು ಅಭ್ಯಾಸ ಮಾಡಿಸಿ ಸ್ವಲ್ಪವಾದರೂ ಮರಳಿಸುವವರು ಇಲ್ಲಿ ಒಬ್ಬರಿದ್ದಾರೆ, ಸೋಮವಾರಕ್ಕೆ ನಿನ್ನ ಹೆಸರು ಬರೆಸಿದ್ದೇನೆ. ಮೊದಲು ಬಯ್ಯಬೇಡ ಎಂದಿದ್ದೆನಲ್ಲ, ಆ ಮಾತು ಬಿಡು. ಬಾ. ಎಷ್ಟು ಸ್ವರ ಉಳಿದಿದೆಯೋ ಅಷ್ಟರಲ್ಲೇ ಬಯ್ಯಿ. ಬಸ್ ನಿಲ್ದಾಣದಲ್ಲಿ ನಿಂತಿರುತ್ತೇನೆ, ಹತ್ತಿರ ಬಂದು ಕೇಳಿಸಿಕೊಳ್ಳುತ್ತೇನೆ.