ಉತ್ತರದಲ್ಲಿ ಮೂಡಿದ ಸುಹೈಲ್

ಆಗಸ್ಟ್ ೨೪, ಅಲ್ ಖೋರ್

ಅಜ್ಜನಿಗೆ ನಿಜ ಹೇಳಬೇಕಿತ್ತೇ? ಅದೇ ಕೊರೆಯುತ್ತಿದೆ.

ಹೆದ್ದಾರಿಗೆಂದು ಹಳೆಯ ಮನೆ ಕೆಡವಿದ ಮೇಲೆ, ನಕ್ಷತ್ರ ನೋಡಿಯೇ ಕೊಲ್ಲಿಯಲ್ಲಿ ದೋಣಿ ನಡೆಸಿದ ಈ ಮನುಷ್ಯನಿಗೆ ಹೊಸ ಮನೆಯಲ್ಲಿ ದಿಕ್ಕೇ ತಿಳಿಯುತ್ತಿಲ್ಲ. ನಸುಕಿನಲ್ಲಿ ಕಿಟಕಿಯಾಚೆ ದೂರದ ಅನಿಲ ಸ್ಥಾವರದ ಚಿಮಣಿಯ ಜ್ವಾಲೆ ಕಂಡು ಕೂಗಿದ: "ಘಾಲಿಯಾ, ನೋಡೇ! ಸುಹೈಲ್ ನಕ್ಷತ್ರ ಬಂತು. ಇನ್ನು ಸೆಕೆ ಮುಗೀತು. ಆ ಹಾಳು ಏಸಿ ಆಫ್ ಮಾಡು."

ಸುಹೈಲ್ ಮೂಡುವುದು ದಕ್ಷಿಣದಲ್ಲಿ. ಈ ಕಿಟಕಿ ಉತ್ತರಕ್ಕಿದೆ. ಆ ಜ್ವಾಲೆಯ ಬುಡದಲ್ಲೇ ನನ್ನ ಕೆಲಸ. ಹೇಳಲು ಬಾಯಿ ತೆರೆದವಳು ಅವನ ಅರಳಿದ ಮುಖ ನೋಡಿ "ಹೂಂ ಅಜ್ಜ, ಬಂತು" ಎಂದೆ. ಏಸಿ ಆರಿಸಿ ಕಿಟಕಿ ತೆರೆದೆ. ಒಲೆಯ ಬಾಯಿಂದ ಬಂದಂಥ ಗಾಳಿ ನುಗ್ಗಿತು.

"ನೋಡ್ದೆಯಾ, ಎಷ್ಟು ತಂಪು!" ಎಂದು ಅಜ್ಜ ಹೊದಿಕೆ ಎಳೆದುಕೊಂಡ.

ಈಗ ನನ್ನ ಕೋಣೆಯ ಏಸಿಯನ್ನೂ ಆರಿಸಿದ್ದೇನೆ. ಬೆವರುತ್ತಾ ಕೂತಿದ್ದೇನೆ. ಜ್ವಾಲೆ ಮಿನುಗುತ್ತಿದೆ. ಒಂಚೂರು ಚಳಿಯಾದ ಹಾಗೆ...