ಕಾಫಿ ಮುಟ್ಟದೆ ಕೂತದ್ದು

ಖಾನ್ ಯೂನಿಸ್, ಜೂನ್ 2007

ಹಾತಿಮ್, ಅಜ್ಜಿಯ ಸಲಾಂ.

ಫತಾಹ್ ಪಕ್ಷ ಸೇರಿದ್ದ ನಿನ್ನ ತಮ್ಮ ರಾಫತ್‌ನನ್ನು ಸೋಮವಾರ ಮಣ್ಣು ಮಾಡಿದೆವು. ನೀವು ಹಮಾಸಿನವರು ಅವರ ಠಾಣೆಗೆ ನುಗ್ಗಿದಾಗ ಅವನಿಗೆ ತಗುಲಿದ ಗುಂಡು ನಿನ್ನದೇ ಎಂದು ಬೀದಿಗೆಲ್ಲ ಗೊತ್ತು.

ಕೊಂದವನ ಕಡೆಯ ಹಿರಿಯರು ಸತ್ತವನ ಮನೆಗೆ ಹೋಗಿ, ಕ್ಷಮಿಸುವ ತನಕ ಮುಂದಿಟ್ಟ ಕಾಫಿ ಮುಟ್ಟದೆ ಕೂರಬೇಕಲ್ಲ? ನಿನ್ನ ಕಡೆಗೆ ಉಳಿದ ಹಿರಿಯಳು ನಾನೊಬ್ಬಳೇ, ಮನೆಯೋ ಒಂದೇ. ಹೊರಗೆ ಹೋಗಿ, ಬಾಗಿಲು ತಟ್ಟಿ, ಮತ್ತೆ ಒಳಬಂದು ನಿನ್ನ ಅಮ್ಮನ ಎದುರು ಕೂತೆ.

"ಏನತ್ತೆ, ತಲೆ ಕೆಟ್ಟಿತಾ?" ಅಂದಳು.

"ಕೆಡದ ತಲೆ ಈ ಊರಲ್ಲಿ ಯಾವುದಿದೆಯೇ? ಕಾಫಿ ಇಡು," ಅಂದೆ.

ಇಟ್ಟಳು. ಸಂಜೆಯ ನಮಾಜಿನವರೆಗೂ ಇಬ್ಬರೂ ಕೂತೇ ಇದ್ದೆವು. ಆಮೇಲೆ ನಿನ್ನ ಅಮ್ಮ ಎದ್ದು ಕಾಫಿಯನ್ನು ಬಚ್ಚಲಿಗೆ ಸುರಿದಳು.

ಮನೆಗೆ ಬರಬೇಡ. ನಿನ್ನ ಬಟ್ಟೆಗಳನ್ನು ದರ್ಜಿಯ ಅಂಗಡಿಯಲ್ಲಿ ಇಟ್ಟಿದ್ದೇನೆ, ಚಳಿಗಾಲದ ಕೋಟನ್ನೂ.

ನಿಮ್ಮಿಬ್ಬರ ಅಜ್ಜಿ,
ಝರೀಫಾ